ಹಂಸಪಾದವೂ ಫೋಟೋಶಾಪಿನ ಪದರವೂ

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಎರಡು ಪುಟ ಅರಸನೊಬ್ಬನ ಕೋಪದ ಬಗ್ಗೆ ಇತ್ತು. ಒಂದು ಮನೆತನದವರ ಬಳಿ ಉಳಿದಿದ್ದ ವ್ರತಕಥೆಯ ತಾಳೆಗರಿಯಲ್ಲಿ, ರಾಣಿ ವ್ರತ ಮುಗಿಸಿದ ಮೇಲೆ ಅರಸನ ಕೋಪ ಹೆಚ್ಚಿತು ಎಂಬ ಮಾತು ಬರುತ್ತದೆ ಎಂದು ನಾನು ಓದಿಕೊಂಡಿದ್ದೆ. ಹೆಂಡತಿಯ ವ್ರತ ಗಂಡನಿಗೆ ಸಿಟ್ಟು ತರಿಸುವುದೇಕೆ ಎಂದು ಕೇಳಿಕೊಂಡು ಅದಕ್ಕೊಂದು ವ್ಯಾಖ್ಯಾನವನ್ನೂ ಕಟ್ಟಿದ್ದೆ. ಮಾರ್ಗದರ್ಶಕರು ಓದಿ, “ವಾದ ಚೆನ್ನಾಗಿದೆಯಮ್ಮ. ಆದರೆ ವ್ರತ ಫಲಿಸಿದ ಮೇಲೆ ಕೋಪ ಯಾಕೆ ಹೆಚ್ಚಬೇಕು? ಗರಿಯಲ್ಲಿ ಏನಿದೆ, ಇನ್ನೊಮ್ಮೆ ನೋಡು” ಎಂದರು. ಲ್ಯಾಪ್‌ಟಾಪಿನಲ್ಲಿದ್ದ ಫೋಟೋ ತೆಗೆದು ನೋಡಿದೆ. ‘ಕೋಪ’ ಎಂದೇ ಇತ್ತು. ಮನಸ್ಸು ಒಪ್ಪದೆ ಆ ಊರಿಗೆ ಮತ್ತೆ ಹೋದೆ. ಗರಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡದ್ದು ‘ಕೋಷ’. ‘ಪ’ದ ಹೊಟ್ಟೆಯೊಳಗೆ ಒಂದು ಸಣ್ಣ ಗೀಟು. ಹೆಚ್ಚಿದ್ದು ಅರಸನ ಬೊಕ್ಕಸ, ಸಿಟ್ಟಲ್ಲ.

ಆ ಗೀಟನ್ನು ಅಳಿಸಿದವಳು ನಾನೇ. ಗರಿಯ ಫೋಟೋ ಮಸುಕಾಗಿತ್ತು. ಫೋಟೋಶಾಪಿನಲ್ಲಿ ತೆರೆದು ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿ, ಗೀರು, ಕಲೆ, ಹುಳು ತಿಂದ ತೂತುಗಳನ್ನೆಲ್ಲ ಬ್ರಷ್‌ನಿಂದ ಒರೆಸಿದ್ದೆ. ಅಕ್ಷರದ ಭಾಗವಾಗಿದ್ದ ಗೀಟು ನನ್ನ ಕಣ್ಣಿಗೆ ಗೀರಾಗಿ ಕಂಡಿತ್ತು. ಒರೆಸಿದ ಮೇಲೆ ಅದೇ ಹೆಸರಿನಲ್ಲಿ ಜೆಪೆಗ್ ಆಗಿ ಸೇವ್ ಮಾಡಿದ್ದೆ. ತಿದ್ದಿದ ಚಿತ್ರ ಮೂಲದ ಜಾಗದಲ್ಲಿ ಕುಳಿತಿತು. ಆರು ತಿಂಗಳ ನಂತರ ಅದನ್ನು ನೋಡಿದಾಗ ಯಾವುದು ಗರಿಯದು, ಯಾವುದು ನನ್ನದು ಎಂದು ನನಗೇ ಗೊತ್ತಾಗುವಂತಿರಲಿಲ್ಲ. ನಾನು ಓದುತ್ತಿದ್ದದ್ದು ನನ್ನದೇ ಬರಹವನ್ನು.

ಇದನ್ನು ನಮ್ಮ ಬೀದಿಯ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವ ಹುಡುಗನಿಗೆ ಹೇಳಿದೆ. ಅವನು ನಕ್ಕ. “ಬ್ಯಾಕ್‌ಗ್ರೌಂಡ್ ಮೇಲೇ ಬ್ರಷ್ ಹೊಡೆದ್ರಾ ಅಕ್ಕಾ? ನಾವು ಹಾಗೆ ಮಾಡೋದೇ ಇಲ್ಲ. ಪಾರ್ಟಿ ಬಂದು ‘ಹಳೇದೇ ಚೆನ್ನಾಗಿತ್ತು’ ಅಂದ್ರೆ ಏನ್ ಮಾಡೋದು?” ಎಂದು ತನ್ನ ಕಂಪ್ಯೂಟರಿನಲ್ಲಿ ಮದುಮಗಳೊಬ್ಬಳ ಫೋಟೋ ತೆರೆದು ತೋರಿಸಿದ. ಅಡಿಯಲ್ಲಿ ಕ್ಯಾಮೆರಾದಿಂದ ಬಂದ ಚಿತ್ರ, ಅದನ್ನು ಯಾರೂ ಮುಟ್ಟಿಲ್ಲ. ಅದರ ಮೇಲೊಂದು ಖಾಲಿ ಪದರ. ಮೊಡವೆ ಮುಚ್ಚಿದ್ದು ಅಲ್ಲಿ. ಅದರ ಮೇಲೆ ಬೆಳಕು ಹೆಚ್ಚಿಸುವ ಪದರ. ಅದರಲ್ಲಿ ಚಿತ್ರವೇ ಇಲ್ಲ, ಕೆಳಗಿನದನ್ನು ಹೇಗೆ ತೋರಿಸಬೇಕು ಎಂಬ ಸೂಚನೆ ಮಾತ್ರ ಇದೆ. ಆ ಪದರಕ್ಕೆ ಅಂಟಿಕೊಂಡಂತೆ ಒಂದು ಮಾಸ್ಕ್; ಅದರಲ್ಲಿ ಬಿಳಿ ಬಳಿದ ಕಡೆ ಸೂಚನೆ ನಡೆಯುತ್ತದೆ, ಕಪ್ಪು ಬಳಿದ ಕಡೆ ನಡೆಯುವುದಿಲ್ಲ, ಬೂದು ಬಳಿದ ಕಡೆ ಅರ್ಧಂಬರ್ಧ ನಡೆಯುತ್ತದೆ. ಪ್ರತಿ ಪದರದ ಪಕ್ಕದಲ್ಲೂ ಒಂದು ಕಣ್ಣಿನ ಗುರುತು. ಅದನ್ನು ಒತ್ತಿದರೆ ಆ ತಿದ್ದುಪಡಿ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಇಂಗ್ಲಿಷಿನಲ್ಲಿ ನಾನ್-ಡಿಸ್ಟ್ರಕ್ಟಿವ್ ಎಡಿಟಿಂಗ್ ಎನ್ನುವುದು ಇದನ್ನೇ. ಕನ್ನಡದಲ್ಲಿ ಮೂಲ ಕೆಡದ ತಿದ್ದುಪಡಿ ಎನ್ನಬಹುದು.

ಈ ಪದ್ಧತಿಗೆ ವಯಸ್ಸು ಹೆಚ್ಚಿಲ್ಲ. ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಪದರಗಳಿರಲಿಲ್ಲ. ಬಳಿದದ್ದೆಲ್ಲ ಚಿತ್ರದೊಳಗೆ ಇಂಗಿಹೋಗುತ್ತಿತ್ತು. ಪದರಗಳು ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಬೆಳಕು-ಬಣ್ಣಗಳ ಬದಲಾವಣೆಯನ್ನೇ ಪದರವಾಗಿಸುವ ಅಡ್ಜಸ್ಟ್‌ಮೆಂಟ್ ಲೇಯರ್ 1996ರಲ್ಲಿ, ಚಿತ್ರವನ್ನು ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಒಳಗಿನ ಮೂಲವನ್ನು ಕಾಯುವ ಸ್ಮಾರ್ಟ್ ಆಬ್ಜೆಕ್ಟ್ 2005ರಲ್ಲಿ ಬಂದವು. ಉಚಿತವಾಗಿ ಸಿಗುವ ಗಿಂಪ್ ತನ್ನ ಫಿಲ್ಟರುಗಳಿಗೆ ಈ ಗುಣವನ್ನು ಕೊಟ್ಟದ್ದು 2025ರ 3.0 ಆವೃತ್ತಿಯಲ್ಲಿ. ಅಂದರೆ, ತಿದ್ದುವವರು ತಪ್ಪು ಮಾಡಬಹುದು, ಮನಸ್ಸು ಬದಲಿಸಬಹುದು ಎಂಬ ಸರಳ ಸತ್ಯವನ್ನು ತಂತ್ರಾಂಶ ಒಪ್ಪಿಕೊಳ್ಳಲು ಹಲವು ವರ್ಷ ಬೇಕಾಯಿತು.

ತಾಳೆಗರಿಯ ಲಿಪಿಕಾರನಿಗೆ ಇದು ಮೊದಲೇ ಗೊತ್ತಿತ್ತು, ಏಕೆಂದರೆ ಅವನಿಗೆ ಬೇರೆ ದಾರಿಯಿರಲಿಲ್ಲ. ಕಂಠದಿಂದ ಗರಿಯ ಮೇಲೆ ಕೊರೆದ ಅಕ್ಷರವನ್ನು ಅಳಿಸಲು ಬರುವುದಿಲ್ಲ. ಆಮೇಲೆ ಮಸಿ ಸವರಿದರೆ ತಪ್ಪೂ ಒಪ್ಪಿನಷ್ಟೇ ಕಪ್ಪಾಗಿ ಎದ್ದು ಕಾಣುತ್ತದೆ. ಹಾಗಾಗಿ ಅಕ್ಷರ ಬಿಟ್ಟುಹೋದ ಕಡೆ ಹಂಸದ ಹೆಜ್ಜೆಯಂಥ ಗುರುತು ಹಾಕಿ, ಬಿಟ್ಟದ್ದನ್ನು ಸಾಲಿನ ಮೇಲೋ ಅಂಚಿನಲ್ಲೋ ಬರೆಯುತ್ತಿದ್ದ. ಇದೇ ಹಂಸಪಾದ. ತಪ್ಪು ಎಲ್ಲಾಯಿತು, ಸರಿ ಯಾವುದು, ಸರಿಪಡಿಸಿದ್ದು ಎಲ್ಲಿ ಎಂಬ ಮೂರೂ ಓದುವವನ ಕಣ್ಣೆದುರಿಗೇ ಇರುತ್ತಿದ್ದವು.

ನಮ್ಮ ‘ತಿದ್ದು’ ಎಂಬ ಮಾತನ್ನೇ ನೋಡಿ. ತಪ್ಪನ್ನು ಸರಿಮಾಡುವುದೂ ತಿದ್ದುವುದೇ, ಅಕ್ಷರ ಕಲಿಯುವ ಮಗು ಸ್ಲೇಟಿನ ಮೇಲೆ ಮೇಷ್ಟ್ರು ಬರೆದುಕೊಟ್ಟ ‘ಅ’ದ ಮೇಲೆ ಮತ್ತೆ ಮತ್ತೆ ಬಳಪ ಆಡಿಸುವುದೂ ತಿದ್ದುವುದೇ. ಮೊದಲ ಅರ್ಥದಲ್ಲಿ ಹಳೆಯದು ಹೋಗಿ ಹೊಸದು ಬರುತ್ತದೆ. ಎರಡನೆಯದರಲ್ಲಿ ಹಳೆಯದು ಅಡಿಯಲ್ಲಿ ಇದ್ದುಕೊಂಡೇ ಮೇಲಿನ ಕೈಗೆ ದಾರಿ ತೋರಿಸುತ್ತದೆ. ಪದರಗಳ ಪದ್ಧತಿ ಮೊದಲ ಕೆಲಸವನ್ನು ಎರಡನೆಯದರ ಕ್ರಮದಲ್ಲಿ ಮಾಡುತ್ತದೆ.

ಗ್ರಂಥಸಂಪಾದನೆಯ ಶಿಸ್ತು ಕೂಡ ಇದನ್ನೇ ಬಯಸುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂ.ಎ.ಯಲ್ಲಿ ಪರೀಕ್ಷೆಗೆಂದು ಓದಿದವರಿಗೂ ಪಾಠಾಂತರ, ಲಿಪಿಕಾರ ಸ್ಖಾಲಿತ್ಯ, ಪ್ರಕ್ಷಿಪ್ತ ಎಂಬ ಮಾತುಗಳು ನೆನಪಿರುತ್ತವೆ. ಇದರ ಅತಿ ದೊಡ್ಡ ನಿದರ್ಶನ ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತದ ಸಂಶೋಧಿತ ಆವೃತ್ತಿ. 1919ರಲ್ಲಿ ಶುರುವಾದ ಕೆಲಸ ಮುಗಿದದ್ದು 1966ರಲ್ಲಿ. ಅದರ ಪ್ರಧಾನ ಸಂಪಾದಕರಾಗಿದ್ದ ವಿ.ಎಸ್. ಸುಕ್ಥಂಕರ್ ಮತ್ತು ಅವರ ಜೊತೆಯವರು ನಾನಾ ಲಿಪಿಗಳ ಹಸ್ತಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ನಿಲ್ಲಿಸಿದರು. ಒಪ್ಪದ ಸಾಲುಗಳನ್ನು ಎಸೆಯಲಿಲ್ಲ. ನಕ್ಷತ್ರದ ಗುರುತು ಕೊಟ್ಟು ಅಡಿಯಲ್ಲಿ ಇಟ್ಟರು. ದೊಡ್ಡ ಭಾಗಗಳನ್ನು ಅನುಬಂಧಕ್ಕೆ ಸಾಗಿಸಿದರು. ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆ ಕೂಡ ಮುಖ್ಯಪಾಠದಿಂದ ಅನುಬಂಧಕ್ಕೆ ಹೋಯಿತು. ಇಷ್ಟು ಸಾಲದೆಂಬಂತೆ, ತಾವು ಆರಿಸಿದ ಪಾಠದಲ್ಲೂ ಪೂರ್ತಿ ನಂಬಿಕೆಯಿಲ್ಲದ ಕಡೆ ಅಕ್ಷರಗಳ ಕೆಳಗೆ ಅಲೆಅಲೆಯಾದ ಗೆರೆ ಎಳೆದರು. ಇಲ್ಲಿ ನನ್ನ ತೀರ್ಮಾನ ಗಟ್ಟಿಯಲ್ಲ, ನೀವೂ ನೋಡಿ ಎಂದು ಆ ಗೆರೆ ಹೇಳುತ್ತದೆ. ಸ್ಟುಡಿಯೋ ಹುಡುಗ ಪದರವೊಂದನ್ನು ಅರ್ಧ ಪಾರದರ್ಶಕವಾಗಿ ಇಡುತ್ತಾನಲ್ಲ, ಹಾಗೆ.

ಹಾಗಾದರೆ ಎರಡೂ ಒಂದೇ ಎಂದು ಹೇಳಿ ಮುಗಿಸಬಹುದಿತ್ತು. ಸ್ವಲ್ಪ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹುಡುಗ ಕೊನೆಗೆ ಮಾಡಿದ ಕೆಲಸ ನನ್ನ ತಲೆಯಲ್ಲಿ ಉಳಿದಿತ್ತು. ಎಲ್ಲ ಮುಗಿದ ಮೇಲೆ ಅವನು ಪದರಗಳನ್ನು ಒಂದಾಗಿಸಿ, ಜೆಪೆಗ್ ಮಾಡಿ, ಆಲ್ಬಂ ಪ್ರಿಂಟ್‌ಗೆ ಕಳಿಸಿದ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲ್ಯಾಟನ್ ಎನ್ನುತ್ತಾರೆ, ಚಪ್ಪಟೆ ಮಾಡುವುದು. ಪದರಗಳಿದ್ದ ಪಿಎಸ್‌ಡಿ ಫೈಲು ಅವನ ಹಾರ್ಡ್ ಡಿಸ್ಕಿನಲ್ಲೇ ಉಳಿಯಿತು. ಮದುಮಗಳ ಮನೆಗೆ ಹೋದದ್ದು ಚಪ್ಪಟೆಯಾದ ಚಿತ್ರ. ಅಲ್ಲಿ ಮೂಲ ಕೆಡಲಿಲ್ಲ ಎನ್ನುವುದು ಯಾರ ಪಾಲಿಗೆ ನಿಜ? ತಿದ್ದಿದವನ ಪಾಲಿಗೆ. ನೋಡುವವರ ಪಾಲಿಗೆ ಅದು 1990ರ ಫೋಟೋಶಾಪಿನಲ್ಲಿ ಬಳಿದ ಚಿತ್ರದ ಹಾಗೇ ಇದೆ.

ಲೆವ್ ಮಾನೋವಿಚ್ 2013ರ ತಮ್ಮ ‘ಸಾಫ್ಟ್‌ವೇರ್ ಟೇಕ್ಸ್ ಕಮಾಂಡ್’ ಪುಸ್ತಕದಲ್ಲಿ, ಪದರಗಳು ಚಿತ್ರವೆಂದರೇನು ಎಂಬ ತಿಳಿವಳಿಕೆಯನ್ನೇ ಬದಲಿಸಿದವು, ಚಿತ್ರವೀಗ ಬಿಡಿ ಭಾಗಗಳ ಜೋಡಣೆ ಎನ್ನುತ್ತಾರೆ. ಚಿತ್ರ ಮಾಡುವವರ ಮೇಜಿನ ಮುಂದೆ ಕುಳಿತರೆ ಈ ಮಾತು ಸರಿ. ನೋಡುವವರ ಕಡೆ ಬಂದು ನಿಂತರೆ ಚಿತ್ರ ಇನ್ನೂ ಒಂದೇ ಹಾಳೆ. ಮೂಲ ಕೆಡದ ತಿದ್ದುಪಡಿ ತಿದ್ದುವವರಿಗೆ ಹಿಂದಕ್ಕೆ ಹೋಗುವ ದಾರಿಯನ್ನು ಕೊಟ್ಟಿದೆ, ನೋಡುವವರಿಗೆ ಕೊಟ್ಟಿಲ್ಲ. ಲಿಪಿಕಾರ ಮತ್ತು ಸುಕ್ಥಂಕರ್ ಆ ದಾರಿಯನ್ನು ಓದುಗರಿಗೂ ಬಿಟ್ಟುಕೊಟ್ಟಿದ್ದರು. ವ್ಯತ್ಯಾಸ ತಂತ್ರದಲ್ಲಿಲ್ಲ, ಪದರಗಳು ಯಾರ ಕೈಯಲ್ಲಿ ಉಳಿಯುತ್ತವೆ ಎಂಬುದರಲ್ಲಿದೆ.

ಇದು ಬರೀ ಆಲ್ಬಮ್ಮಿನ ಮಾತಲ್ಲ. ಫೋಟೋಶಾಪಿಗೆ ಪದರಗಳು ಬಂದ 1994ನೇ ಇಸವಿಯಲ್ಲೇ, ಜೂನ್ 27ರ ಸಂಚಿಕೆಯ ಮುಖಪುಟದಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಕೊಲೆ ಆರೋಪಿಯಾಗಿದ್ದ ಕಪ್ಪುಜನಾಂಗದ ಆಟಗಾರ ಓ.ಜೆ. ಸಿಂಪ್ಸನ್‌ರ ಪೊಲೀಸ್ ಫೋಟೋವನ್ನು ಇನ್ನಷ್ಟು ಕಪ್ಪಾಗಿಸಿ ಅಚ್ಚುಹಾಕಿತು. ಮುಖಕ್ಕೆ ಕ್ರೌರ್ಯ ತುಂಬಲು ಚರ್ಮದ ಬಣ್ಣವನ್ನು ಬಳಸಿಕೊಂಡರು ಎಂದು ಗಲಾಟೆಯಾಯಿತು. ಓದುಗರಿಗೆ ಅದು ಸುಲಭವಾಗಿ ಕಣ್ಣಿಗೆ ಬಿದ್ದದ್ದು ಅದೇ ವಾರ ‘ನ್ಯೂಸ್‌ವೀಕ್’ ಅದೇ ಫೋಟೋವನ್ನು ತಿದ್ದದೆ ಮುಖಪುಟಕ್ಕೆ ಹಾಕಿದ್ದರಿಂದ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇದ್ದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಓದುಗರ ಕೈಗೆ ಎರಡನೆಯ ಪ್ರತಿ ಸಿಕ್ಕಿತು, ಪಾಠಾಂತರ ಗೊತ್ತಾಯಿತು. ಎರಡನೆಯ ಪ್ರತಿ ಸಿಗದ ಚಿತ್ರಗಳನ್ನು ನಾವು ದಿನವೂ ನೋಡುತ್ತಿದ್ದೇವೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ಅಡಿಯ ಪದರವೇ ಮೂಲ ಎಂದು ನಂಬುವುದು ಎಷ್ಟು ಸರಿ? ಫೋಟೋಶಾಪ್ ಅದಕ್ಕೆ ಬ್ಯಾಕ್‌ಗ್ರೌಂಡ್ ಎಂದು ಹೆಸರಿಟ್ಟು ಬೀಗದ ಗುರುತನ್ನೂ ಹಾಕಿಡುತ್ತದೆ. ಆದರೆ ಆ ಫೋಟೋ ತೆಗೆದವಳು ನಾನು. ಬೆಳಕು ಯಾವ ಕಡೆಯಿಂದ ಬೀಳಬೇಕೆಂದು ಆರಿಸಿದವಳೂ ನಾನೇ. ಆ ಗರಿಯೂ ಇನ್ನಾವುದೋ ಪ್ರತಿಯ ಪ್ರತಿ. ಸುಕ್ಥಂಕರ್ ಕೂಡ ತಾವು ನಿಲ್ಲಿಸಿದ್ದು ವ್ಯಾಸರ ಮಾತೆಂದು ಹೇಳಲಿಲ್ಲ, ಸಿಕ್ಕ ಪ್ರತಿಗಳಿಂದ ತಲುಪಬಹುದಾದಷ್ಟು ಹಳೆಯ ರೂಪ ಎಂದಷ್ಟೇ ತಿಳಿದಿದ್ದರು. ನಮ್ಮ ‘ಶೂನ್ಯಸಂಪಾದನೆ’ಯಂತೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಹೀಗೆ ನಾಲ್ವರು ನಾಲ್ಕು ಬಾರಿ ವಚನಗಳನ್ನು ಸಂವಾದವಾಗಿ ಹೆಣೆದರು. ಮೊದಲನೆಯದನ್ನು ಮೂಲವೆಂದೂ ಉಳಿದವನ್ನು ತಿದ್ದುಪಡಿಗಳೆಂದೂ ಕರೆದರೆ ಆ ಕೃತಿಗಳಿಗೆ ಅನ್ಯಾಯವಾಗುತ್ತದೆ. ಅಲ್ಲಿ ಸಂಪಾದನೆಯೇ ರಚನೆ. ಆದ್ದರಿಂದ ಪದರಗಳನ್ನು ಉಳಿಸುವುದು ಶುದ್ಧವಾದ ಮೂಲವೊಂದನ್ನು ಕಾಪಾಡಲು ಎಂದು ನಾನು ಹೇಳುತ್ತಿಲ್ಲ. ಯಾವ ಕೈ ಎಲ್ಲಿ ಕೆಲಸ ಮಾಡಿತು ಎಂಬುದು ಗೊತ್ತಾಗಲಿ ಎಂಬುದಷ್ಟೇ ನನ್ನ ಮಾತು.

ಎರಡನೆಯ ಆಕ್ಷೇಪ, ಪುಸ್ತಕಗಳನ್ನೂ ನಾವು ಚಪ್ಪಟೆ ಮಾಡುತ್ತೇವೆ ಎಂಬುದು. ಇದೂ ನಿಜ. ಪಾಠಾಂತರಗಳೆಲ್ಲ ಇರುವ ಆವೃತ್ತಿ ಗ್ರಂಥಾಲಯದ ಕಪಾಟಿನಲ್ಲಿರುತ್ತದೆ, ತರಗತಿಗೆ ಬರುವುದು ಅಡಿಟಿಪ್ಪಣಿಯಿಲ್ಲದ ಆಯ್ದ ಭಾಗ. ಎಲ್ಲರಿಗೂ ಎಲ್ಲ ಪದರ ಬೇಕಿಲ್ಲ. ಗಣಪತಿಯ ಕಥೆ ಕೇಳುವ ಮಗುವಿಗೆ ಅದು ಅನುಬಂಧದ್ದು ಎಂದು ಹೇಳಬೇಕಾಗಿಯೂ ಇಲ್ಲ. ಆದರೆ ಬೇಕೆನಿಸಿದ ದಿನ ಆ ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋಗಿ ಅಡಿಟಿಪ್ಪಣಿ ನೋಡಬಹುದು. ಚಿತ್ರಗಳಿಗೆ ಅಂಥ ಗ್ರಂಥಾಲಯವಿಲ್ಲ. ಅಡೋಬಿ ಮತ್ತಿತರ ಕಂಪನಿಗಳು ಸೇರಿ ಕೆಲವು ವರ್ಷಗಳಿಂದ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಎಂಬ ವ್ಯವಸ್ಥೆಯನ್ನು ತರುತ್ತಿವೆ. ಚಿತ್ರ ಎಲ್ಲಿಂದ ಬಂತು, ಏನೇನು ಬದಲಾಯಿತು ಎಂಬ ವಿವರ ಚಿತ್ರದ ಜೊತೆಗೇ ಹೋಗಬೇಕೆಂಬುದು ಅದರ ಆಶಯ. ಒಳ್ಳೆಯದೇ. ಆದರೆ ತಿದ್ದಲಾಗಿದೆ ಎಂದು ಹೇಳುವುದು ಬೇರೆ, ತಿದ್ದುವ ಮೊದಲು ಏನಿತ್ತು ಎಂದು ತೋರಿಸುವುದು ಬೇರೆ. ಹಂಸಪಾದ ಎರಡನ್ನೂ ಮಾಡುತ್ತಿತ್ತು.

ನಮ್ಮಂಥ ವಿದ್ಯಾರ್ಥಿಗಳಿಗೆ ಇದು ಈಗ ತುರ್ತಿನ ವಿಷಯ. ಹಸ್ತಪ್ರತಿಗಳನ್ನು ನಾವು ಹೆಚ್ಚಾಗಿ ಓದುವುದು ಪರದೆಯ ಮೇಲೆ. ಗರಿಗಳು ಪುಡಿಯಾಗುತ್ತಿವೆ, ಫೋಟೋಗಳು ಉಳಿಯುತ್ತವೆ. ಮುಂದೊಂದು ದಿನ ಆ ಮನೆಯ ಗರಿ ಇಲ್ಲವಾಗಿ ನನ್ನ ಜೆಪೆಗ್ ಒಂದೇ ಉಳಿದಿದ್ದರೆ, ಅರಸ ಸಿಟ್ಟಾಗಿಯೇ ಇರುತ್ತಿದ್ದ. ಅವನ ಬೊಕ್ಕಸದ ಸುದ್ದಿ ಯಾರಿಗೂ ಸಿಗುತ್ತಿರಲಿಲ್ಲ.

ಮೂರನೇ ಅಧ್ಯಾಯದ ಆ ಎರಡು ಪುಟಗಳನ್ನು ತೆಗೆದುಹಾಕಿದ್ದೇನೆ. ಪೂರ್ತಿಯಾಗಿ ಅಲ್ಲ. ‘ಕೋಪ’ ಎಂದು ನಾನು ಮೊದಲು ಓದಿದ್ದು, ಅದಕ್ಕೆ ಕಾರಣವಾದ ನನ್ನ ಕೈ, ಗರಿಯಲ್ಲಿ ಕಂಡ ‘ಕೋಷ’ ಎಲ್ಲವನ್ನೂ ಒಂದು ಅಡಿಟಿಪ್ಪಣಿಯಲ್ಲಿ ಬರೆದಿದ್ದೇನೆ. ಅನುಬಂಧದಲ್ಲಿ ಪ್ರತಿ ಗರಿಗೂ ಎರಡೆರಡು ಚಿತ್ರಗಳಿವೆ: ಹೊಸದಾಗಿ ತೆಗೆದ, ಮುಟ್ಟದೆ ಬಿಟ್ಟದ್ದೊಂದು, ಓದಲು ಅನುಕೂಲವಾಗುವಂತೆ ತಿದ್ದಿದ್ದೊಂದು. ಮಾರ್ಗದರ್ಶಕರು ನೋಡಿ, “ಪುಟ ಜಾಸ್ತಿಯಾಯ್ತಲ್ಲಮ್ಮ” ಎಂದರು. ಹೌದು ಸರ್ ಎಂದೆ. ತೆಗೆ ಎಂದು ಅವರು ಹೇಳಲಿಲ್ಲ.