ಗೊರಗೊರ ಬಿಟ್ಟ ಸ್ಕ್ಯಾನರ್

ಚಾಮರಾಜಪೇಟೆಯ ಹಳೇ ಮನೆಗಳ ಅಟ್ಟದಲ್ಲಿ ಮೊಳೆ ಅಚ್ಚಿನ ಪುಸ್ತಕಗಳಿಗೆ ಬರವಿಲ್ಲ. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಪೇಟೆಯಲ್ಲವೇ! ಅವನ್ನು ಉಳಿಸಹೊರಟವರ ಮೇಜಿನ ಮೇಲೆ ಹಳೇ ಫ್ಲಾಟ್‌ಬೆಡ್ ಸ್ಕ್ಯಾನರ್ ಇದ್ದರೆ, ಕಂಪನಿ ಕೈಬಿಟ್ಟ ಅಂಥ ಎಷ್ಟೋ ಯಂತ್ರಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ‘ಸೇನ್’ ಎಂಬ ಮುಕ್ತ ತಂತ್ರಾಂಶ.

ಸ್ಕ್ಯಾನರ್ ಗೊರಗೊರ ಎಂದೊಡನೆ ರಿಪೇರಿಗೆಂದು ಎಸ್.ಪಿ. ರಸ್ತೆಗೆ ಓಡಬೇಕಿಲ್ಲ. ಗಾಜಿನಡಿಯ ಗಾಡಿಯನ್ನು ಎಳೆಯುವುದು ಸ್ಟೆಪರ್ ಮೋಟರ್. ಕಂಪ್ಯೂಟರ್ ದತ್ತಾಂಶ ಒಯ್ಯುವುದು ತಡವಾದರೆ ಸ್ಕ್ಯಾನರಿನ ಮೆಮೊರಿ ತುಂಬಿ, ಗಾಡಿ ನಿಂತು, ತುಸು ಹಿಂದೆ ಸರಿದು, ಮತ್ತೆ ಹೊರಡುತ್ತದೆ. ಎಷ್ಟೋ ಸಲ ಸದ್ದೆಲ್ಲ ಆ ತಡವರಿಕೆಯದೇ. 600 ಡಿಪಿಐ ಬಣ್ಣದಲ್ಲಿ ಒಂದು ಎ4 ಹಾಳೆ ಸುಮಾರು 104 ಎಂಬಿ. 300ರ ಬೂದುಛಾಯೆಯಲ್ಲಿ 9 ಎಂಬಿಯೂ ಆಗದು. ಎರಡೇ ಆಯ್ಕೆ ಬದಲಿಸಿದರೆ ಸಾಕು, ಗಾಡಿ ತಡೆಯಿಲ್ಲದೆ ಸಾಗೀತು.

ಸೇನ್‌ನ ಚೆಲುವಿರುವುದು ಸೆಟ್ಟಿಂಗ್‌ಗಳ ಸಾದಾ ಪಠ್ಯಕಡತಗಳಲ್ಲಿ. ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಅದು ನಿದ್ದೆ, ಅಳಿಸಿದರೆ ಎಚ್ಚರ. ದೀಪ ಎಷ್ಟು ಹೊತ್ತು ಬೆಚ್ಚಗಾಗಬೇಕು, ಯಾವಾಗ ಆರಬೇಕು ಎಂಬುದನ್ನೂ ಪ್ಲಸ್‌ಟೆಕ್ ಎಂಬ ಅದರ ಡ್ರೈವರ್‌ನಲ್ಲಿ ನಾವೇ ಬರೆಯಬಹುದು. ಹಲ್ಲು ಸವೆದ ಚಕ್ರಕ್ಕೆ ಇದು ಮದ್ದಲ್ಲ, ನಿಜ. ಆದರೂ ಸ್ಕ್ರೂಡ್ರೈವರ್ ಮುಟ್ಟದೆ ಯಂತ್ರದ ನಡಿಗೆ ತಿದ್ದುವ ಈ ಕುಸುರಿ ನನಗೆ ಬಲು ಇಷ್ಟ. ಹಳೇ ಅಚ್ಚಿನ ಒತ್ತಕ್ಷರ 300ರಲ್ಲೇ ಓದಲು ಬರುತ್ತದೆ. ಚಿತ್ರದ ಪುಟ ಬಂದಾಗ ಮಾತ್ರ 600ಕ್ಕೇರಿಸಿ ಸದ್ದು ಸಹಿಸಬೇಕು.