ಬಾಣ ಬಿಟ್ಟ ಮೇಲಿನ ಮಾತು: ಪಾತ್ರಧಾರಣೆಯ ಆಟಗಳಲ್ಲಿ ಯುದ್ಧದ ಗತಿ

ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಲಾ ಒಂದು ಪಾತ್ರವನ್ನು ವಹಿಸಿಕೊಂಡು, ಮಾತು ಮತ್ತು ದಾಳಗಳ ಬಲದಿಂದಲೇ ಕಲ್ಪಿತ ಲೋಕವೊಂದರಲ್ಲಿ ಸಾಹಸ ನಡೆಸುವ ಆಟಗಳ ಪರಂಪರೆಗೆ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೊದಲ ಪ್ರಕಟಿತ ಮಾದರಿ. ಅದು ಬೆಳೆದದ್ದು, 1971ರ ‘ಚೈನ್‌ಮೇಲ್’ ಎಂಬ, ಪುಟ್ಟ ಗೊಂಬೆ ಸೈನಿಕರನ್ನು ಸಾಲುಗಟ್ಟಿಸಿ ಆಡುವ ಕದನದ ಆಟದ ನಿಯಮಗಳಿಂದ. ಈ ಹುಟ್ಟಿನ ಗುರುತು ಇಂದಿಗೂ ಮಾಸಿಲ್ಲ: ಪಾತ್ರಗಳು ಊರೂರು ಅಲೆಯುವಾಗ, ಚೌಕಾಸಿ ಮಾಡುವಾಗ, ಒಗಟು ಬಿಡಿಸುವಾಗ ಸಡಿಲವಾಗಿ ಹರಿಯುವ ಆಟವು ಕತ್ತಿ ಹಿರಿದೊಡನೆ ಲೆಕ್ಕಾಚಾರಕ್ಕೆ ಇಳಿಯುತ್ತದೆ, ಮತ್ತು ಕಥೆಯ ಅತ್ಯಂತ ರಭಸದ ಭಾಗವೇ ಮೇಜಿನ ಮೇಲೆ ಅತ್ಯಂತ ನಿಧಾನದ ಭಾಗವಾಗಿಬಿಡುತ್ತದೆ. ಈ ದೋಷವನ್ನು ಗಡಿಯಾರದ ಸಮಸ್ಯೆಯೆಂದು ಭಾವಿಸಿ ನಿಯಮಗಳನ್ನು ಮೊಟಕುಗೊಳಿಸುವ ಪ್ರಯತ್ನಗಳು ಹಲವು ಆಗಿವೆ. ಆದರೆ ಹೊತ್ತು ಹೆಚ್ಚು ಹಿಡಿಯುವುದು ಬೇರೆ, ಗತಿ ಕುಂಟುವುದು ಬೇರೆ ಎಂಬುದಕ್ಕೆ ಕನ್ನಡದಲ್ಲಿಯೇ ಬಲವಾದ ಸಾಕ್ಷ್ಯವಿದೆ. ಕುಳಿತಲ್ಲೇ ಪಾತ್ರ ವಹಿಸಿ, ಆ ಕ್ಷಣಕ್ಕೆ ಹುಟ್ಟಿದ ಮಾತಿನಿಂದಲೇ ಯುದ್ಧ ಮಾಡುವ ತಾಳಮದ್ದಲೆಯೇ ಆ ಸಾಕ್ಷ್ಯ.

ಮೊದಲು ಆಟದ ಕ್ರಮವನ್ನು ನೋಡಬೇಕು. ಸಕಲೇಶಪುರದಿಂದ ಶಿರಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ, ದೋಣಿಗಲ್ಲಿನ ಸಮೀಪದ ಗುಡ್ಡದ ನೆತ್ತಿಯಲ್ಲಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನೇ ಆಟದ ರಂಗವೆಂದು ಇಟ್ಟುಕೊಳ್ಳೋಣ. ಕೋಟೆಯ ಬಾಗಿಲಲ್ಲಿ ಓಗರ್ ಎಂಬ ದೈತ್ಯನೊಬ್ಬ ನಿಂತಿದ್ದಾನೆ. ಎದುರಿಗೆ ನಾಲ್ವರು ಕತ್ತಿವರಸೆಯವರು. ಯಾರ ಸರದಿ ಮೊದಲು ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ನಿರ್ಧರಿಸುವ ವಿಧಿಗೆ ಇನಿಷಿಯೇಟಿವ್ ಎಂದು ಹೆಸರು. ಎಲ್ಲರ ಸರದಿಯೂ ಒಮ್ಮೆ ಮುಗಿದರೆ ಒಂದು ಸುತ್ತು. ಏಟು ತಗಲಬೇಕಾದರೆ ದಾಳದ ಅಂಕೆಗೆ ಯೋಧನ ನೈಪುಣ್ಯವನ್ನು ಕೂಡಿಸಿದ ಮೊತ್ತವು ಎದುರಾಳಿಯ ಆರ್ಮರ್ ಕ್ಲಾಸನ್ನು, ಅಂದರೆ ಅವನ ರಕ್ಷಣೆಯ ಅಂಕವನ್ನು, ಮುಟ್ಟಬೇಕು. ತಗಲಿದ ಏಟು ಅವನ ಹಿಟ್ ಪಾಯಿಂಟುಗಳನ್ನು, ಅಂದರೆ ತಾಳಿಕೊಳ್ಳುವ ಶಕ್ತಿಯ ಮೊತ್ತವನ್ನು, ಕಳೆಯುತ್ತ ಹೋಗುತ್ತದೆ. 2014ರ ಐದನೆಯ ಆವೃತ್ತಿಯಲ್ಲಿ ಓಗರನ ರಕ್ಷಣೆ 11, ಶಕ್ತಿ 59. ದಾಳಕ್ಕೆ 5 ಕೂಡಿಸಿಕೊಳ್ಳುವ ಯೋಧನಿಗೆ ಏಟು ತಗಲುವ ಸಾಧ್ಯತೆ ನೂರಕ್ಕೆ 75. ತಗಲಿದರೆ ಕತ್ತಿಯ ಸರಾಸರಿ ಹಾನಿ ಏಳೂವರೆ. ನಾಲ್ವರೂ ಸೇರಿ ಒಂದು ಸುತ್ತಿಗೆ ಸುಮಾರು 22ರಷ್ಟನ್ನು ಕಳೆಯುವುದರಿಂದ ಮೂರು ಸುತ್ತಿನಲ್ಲಿ ದೈತ್ಯ ಉರುಳುತ್ತಾನೆ. ಈ ಆವೃತ್ತಿಯಲ್ಲಿ ಸುತ್ತೊಂದಕ್ಕೆ 6 ಸೆಕೆಂಡು, ಹಾಗಾಗಿ ಕಥೆಯೊಳಗೆ ಸಂದದ್ದು 18 ಸೆಕೆಂಡು. ಸರದಿಯೊಂದಕ್ಕೆ ಎರಡೇ ನಿಮಿಷವೆಂದು ಹಿಡಿದರೂ ದೈತ್ಯನ ಸರದಿಯೂ ಸೇರಿ ಮೇಜಿನ ಮೇಲೆ ಕಳೆದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಪ್ರತಿಯೊಬ್ಬ ಆಟಗಾರನೂ ಆಡಿದ್ದು 6 ನಿಮಿಷ, ಕಾದದ್ದು 24 ನಿಮಿಷ.

ಇಪ್ಪತ್ನಾಲ್ಕು ನಿಮಿಷ ಕಾಯುವುದು ತಾನಾಗಿ ದೋಷವಲ್ಲ. ಕಾದವನ ಸರದಿ ಬಂದಾಗ ಸ್ಥಿತಿ ಅವನು ಬಿಟ್ಟಲ್ಲಿಯೇ ಇರುವುದು ದೋಷ. ದೈತ್ಯ ಅದೇ ಬಾಗಿಲಲ್ಲಿ ನಿಂತಿದ್ದಾನೆ, ಅಂಕೆಯೊಂದು ಇಳಿದಿದೆ. ಹಿಂದಿನ ಸರದಿಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದರೆ ಸಾಕು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಗೆಲುವು ಯಾರದೆಂದು ಎಲ್ಲರಿಗೂ ಗೊತ್ತಾಗಿರುತ್ತದೆ, ಆದರೂ ಉಳಿದ ಅಂಕೆಗಳನ್ನು ಸೊನ್ನೆಗೆ ಇಳಿಸುವ ತನಕ ದಾಳ ಉರುಳಲೇಬೇಕು. 2008ರ ನಾಲ್ಕನೆಯ ಆವೃತ್ತಿಯು ಪ್ರತಿ ಪಾತ್ರಕ್ಕೂ ಬಗೆಬಗೆಯ ಪಟ್ಟುಗಳನ್ನು ಕೊಟ್ಟು ಸರದಿಗಳನ್ನು ವೈವಿಧ್ಯಮಯಗೊಳಿಸಿತಾದರೂ ಶತ್ರುಗಳ ಶಕ್ತಿಯ ಅಂಕೆಗಳನ್ನು ಹಿಗ್ಗಿಸಿದ್ದರಿಂದ ಅದೇ ಟೀಕೆಗೆ ಇನ್ನಷ್ಟು ತೀವ್ರವಾಗಿ ಗುರಿಯಾಯಿತು.

ಇದರ ಎದುರಿಗೆ ತಾಳಮದ್ದಲೆಯನ್ನು ಇಟ್ಟು ನೋಡಬಹುದು. ದೋಣಿಗಲ್ಲಿನಿಂದ ಘಾಟಿ ಇಳಿದರೆ ಸಿಗುವ ದಕ್ಷಿಣ ಕನ್ನಡ, ಅದರಾಚೆಯ ಕಾಸರಗೋಡು, ಉತ್ತರ ಕನ್ನಡ ಮತ್ತು ಮಲೆನಾಡಿನ ಭಾಗಗಳಲ್ಲಿ ಪ್ರಚಲಿತವಿರುವ ಈ ಕಲೆ ಯಕ್ಷಗಾನದ ವೇಷ ಮತ್ತು ಕುಣಿತಗಳನ್ನು ಬಿಟ್ಟು ಹಾಡು ಮತ್ತು ಮಾತುಗಳನ್ನು ಮಾತ್ರ ಉಳಿಸಿಕೊಂಡದ್ದು: ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಪಾತ್ರ ವಹಿಸಿದ ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಅದಕ್ಕೆ ‘ಅರ್ಥ’ ಹೇಳುತ್ತಾರೆ, ಅಂದರೆ ಪದ್ಯದ ಹೊಳಹನ್ನು ಹಿಡಿದು ಪಾತ್ರದ ಮಾತನ್ನು ಅಲ್ಲಿಯೇ ಕಟ್ಟುತ್ತಾರೆ. ಇಲ್ಲಿ ಯುದ್ಧಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಆಯುಧಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಿರುವ ರಾಮಾಯಣ ಪ್ರಸಂಗಗಳ ಪರಂಪರೆಯಲ್ಲಿ ‘ವಾಲಿವಧೆ’ ಇದಕ್ಕೆ ಒಳ್ಳೆಯ ನಿದರ್ಶನ. ಅಣ್ಣತಮ್ಮಂದಿರ ಕಾಳಗವು ಏರುಪದ್ಯಗಳಲ್ಲಿ, ಚೆಂಡೆಮದ್ದಲೆಗಳ ಬಿರುಸಿನಲ್ಲಿ ಬೇಗನೆ ಸಾಗಿಹೋಗುತ್ತದೆ. ಮರೆಯಲ್ಲಿ ನಿಂತ ರಾಮನ ಬಾಣ ತಗಲಿ ವಾಲಿ ಬಿದ್ದ ಮೇಲೆಯೇ ಪ್ರಸಂಗದ ನಿಜವಾದ ಸಂಗ್ರಾಮ ತೊಡಗುವುದು. ಬಿದ್ದವನು ಕೇಳುತ್ತಾನೆ, ನಿಂತವನು ಉತ್ತರಿಸಬೇಕಾಗುತ್ತದೆ. ವಾಲಿ, ರಾವಣರಂತಹ ಪ್ರತಿನಾಯಕರ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಎದುರಿಗೆ ಕುಳಿತಾಗ ರಾಮನ ಪಾತ್ರಧಾರಿಗೆ ಮೊದಲೇ ಸಿದ್ಧಪಡಿಸಿಕೊಂಡ ಉತ್ತರ ಸಾಲದು. ಪ್ರತಿಯೊಂದು ಪ್ರಶ್ನೆಯೂ ಅವನು ಈಗಷ್ಟೇ ಆಡಿದ ಮಾತಿನ ಸಂದಿನಿಂದಲೇ ಏಳುತ್ತದೆ. ಫಲಿತಾಂಶ ಸಭೆಗೆ ಗೊತ್ತು, ವಾಲಿ ಸಾಯಲೇಬೇಕು. ಹಾಗಿದ್ದೂ ಬೇಸರವಾಗುವುದಿಲ್ಲ, ಏಕೆಂದರೆ ಅಲ್ಲಿ ಪಣವಾಗಿರುವುದು ಪ್ರಾಣವಲ್ಲ, ನ್ಯಾಯ. ದಾಳದ ಆಟದಲ್ಲಿ ಫಲಿತಾಂಶ ಮುಕ್ತವೆಂಬ ಹೆಮ್ಮೆಯಿದೆ, ಆದರೆ ಆ ಮುಕ್ತತೆ ನಡುದಾರಿಯಲ್ಲೇ ತೀರಿಹೋದ ಮೇಲೆ ಉಳಿದ ಹೊತ್ತನ್ನು ತುಂಬಲು ಅದರ ಬಳಿ ಬೇರೇನೂ ಇರುವುದಿಲ್ಲ.

ತಾಳಮದ್ದಲೆಗೂ ಇದೇ ರೋಗ ತಗಲುವುದುಂಟು. ಎದುರಿನವನ ಮಾತನ್ನು ಕೇಳಿಸಿಕೊಳ್ಳದೆ ಪುರಾಣ, ಶಾಸ್ತ್ರಗಳ ಸಂಗ್ರಹವನ್ನು ಬಿಚ್ಚುತ್ತ ಹೋಗುವ ಅರ್ಥಧಾರಿ, ವಾದಕ್ಕಾಗಿ ವಾದ ಬೆಳೆಸುವ ಜೋಡಿ, ಪೀಠಿಕೆಯಲ್ಲೇ ಅರ್ಧ ರಾತ್ರಿಯನ್ನು ಕಳೆಯುವ ಪಾತ್ರ ಇವೆಲ್ಲ ರಸಿಕರಿಗೆ ಪರಿಚಿತವೇ. ಆದರೆ ಅಲ್ಲಿ ಮದ್ದು ರಂಗದ ಮೇಲೆಯೇ ಕುಳಿತಿರುತ್ತದೆ. ಮಾತು ಹಳ್ಳ ಹಿಡಿಯಿತೆಂದು ಕಂಡರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಮದ್ದಲೆಯ ಪೆಟ್ಟು ಬಿದ್ದ ಮೇಲೆ ಎಂಥ ವಾಗ್ಮಿಯೂ ನಿಲ್ಲಿಸಲೇಬೇಕು. ಭಾಗವತರು ರಾಮನ ಪಕ್ಷವೂ ಅಲ್ಲ, ವಾಲಿಯ ಪಕ್ಷವೂ ಅಲ್ಲ. ಗತಿಯನ್ನು ಹಿಡಿದಿರುವವರು ಸ್ವತಃ ಕಾದಾಡುತ್ತಿಲ್ಲ.

ಮೇಜಿನ ಆಟದ ಮೂಲ ತೊಡಕು ಇಲ್ಲಿಯೇ ಇದೆ ಎನ್ನಬೇಕು. ಅಲ್ಲಿ ಭಾಗವತರ ಸ್ಥಾನದಲ್ಲಿರುವ ಗೇಮ್ ಮಾಸ್ಟರ್ ಕಥೆ ಹೇಳುವವನೂ ಹೌದು, ನಿಯಮಗಳ ತೀರ್ಪುಗಾರನೂ ಹೌದು, ಸಾಲದ್ದಕ್ಕೆ ಎದುರು ಪಕ್ಷದ ಅಷ್ಟೂ ಯೋಧರ ಅರ್ಥಧಾರಿಯೂ ಅವನೇ. ಹತ್ತು ಶತ್ರುಗಳ ಶಕ್ತಿಯ ಅಂಕೆಗಳನ್ನು ಬರೆದಿಟ್ಟುಕೊಳ್ಳುತ್ತ, ಅವರ ಪರವಾಗಿ ದಾಳ ಉರುಳಿಸುತ್ತ ಕುಳಿತವನಿಗೆ ಆಟ ಎಲ್ಲಿ ಸೊರಗುತ್ತಿದೆ ಎಂದು ಕಾಣುವುದಿಲ್ಲ. ಕಂಡರೂ ಪದ ಎತ್ತುವ ಧೈರ್ಯ ಬರುವುದಿಲ್ಲ, ಏಕೆಂದರೆ ತಾನೇ ಒಂದು ಪಕ್ಷವಾಗಿರುವಾಗ ಕದನವನ್ನು ಅರ್ಧಕ್ಕೆ ಮುಗಿಸಿದರೆ ಪಕ್ಷಪಾತದ ಶಂಕೆ ಏಳುತ್ತದೆ. ಸರದಿಯ ಪಟ್ಟಿ, ಅಂಕೆಗಳ ಲೆಕ್ಕ ಇವನ್ನು ಆಟಗಾರನೊಬ್ಬನ ಕೈಗೆ ಕೊಡುವ ರೂಢಿ ಸಣ್ಣದಾಗಿ ಕಂಡರೂ ನಿಯಮಪುಸ್ತಕಗಳ ಎಷ್ಟೋ ತಿದ್ದುಪಡಿಗಳಿಗಿಂತ ಹೆಚ್ಚು ಫಲ ಕೊಡುವುದು ಇದರಿಂದಲೇ.

ತಿದ್ದುಪಡಿಗಳಲ್ಲಿಯೂ ತಾರತಮ್ಯವಿದೆ. 2014ರಲ್ಲಿ ಬಂದ ಕ್ರಿಸ್ ಮೆಕ್‌ಡೊವಾಲ್ ಅವರ ‘ಇನ್‌ಟು ದಿ ಆಡ್’ ಏಟು ತಗಲಿತೇ ಇಲ್ಲವೇ ಎಂಬ ದಾಳವನ್ನೇ ಕಿತ್ತುಹಾಕಿ, ಪ್ರತಿ ಹೊಡೆತವೂ ನೇರವಾಗಿ ಹಾನಿಯಾಗುವಂತೆ ಮಾಡಿತು. ಇದರಿಂದ ಏನೂ ಆಗದೆ ಮುಗಿಯುವ ಸರದಿಗಳು ಬಹುಮಟ್ಟಿಗೆ ಇಲ್ಲವಾದವು. 2013ರ ‘ಥರ್ಟೀಂತ್ ಏಜ್’ ಎರಡನೆಯ ಸುತ್ತಿನಿಂದ ಮೇಜಿನ ನಡುವೆ ದಾಳವೊಂದನ್ನು 1ಕ್ಕೆ ಇಟ್ಟು, ಸುತ್ತಿಗೊಂದರಂತೆ 6ರ ತನಕ ಏರಿಸುತ್ತ, ಆ ಅಂಕೆಯನ್ನು ವೀರರ ದಾಳಿಗೆ ಕೂಡಿಸುತ್ತದೆ. ಯಕ್ಷಗಾನದ ಕಾಳಗದಲ್ಲಿ ಲಯ ಏರುವ ಬಗೆಗೆ ಇದು ಹತ್ತಿರದ್ದು, ಆದರೆ ಏರುವುದು ಅಂಕೆ ಮಾತ್ರ. ಯೋಧ ನಿಂತ ನೆಲ ಹಾಗೆಯೇ ಇರುತ್ತದೆ.

ನೆಲವನ್ನೇ ಬದಲಿಸುವುದು ಇನ್ನೂ ಸಮರ್ಥ ಉಪಾಯ, ಮತ್ತು ಅದಕ್ಕೆ ಹೊಸ ನಿಯಮವೇ ಬೇಕಿಲ್ಲ. ಮಂಜರಾಬಾದಿನಂಥ ನಕ್ಷತ್ರಕೋಟೆಯ ರಚನೆಯ ತರ್ಕವೆಂದರೆ, ಮುಂಚಾಚಿದ ಒಂದು ಮೂಲೆಯಲ್ಲಿ ನಿಂತ ಕಾವಲುಗಾರನು ಪಕ್ಕದ ಗೋಡೆಯ ಬುಡಕ್ಕೆ ಅಂಟಿಕೊಂಡ ಶತ್ರುವಿನ ಮೇಲೂ ಗುಂಡು ಹಾರಿಸಬಲ್ಲ. ಗೋಡೆಯ ಮರೆ ಎಂಬುದೇ ದಾಳಿಕೋರನಿಗೆ ಸಿಗುವುದಿಲ್ಲ. ಓಗರನನ್ನು ಬಾಗಿಲಲ್ಲಿ ನಿಲ್ಲಿಸುವ ಬದಲು, ಮಂಜು ಸರಿಯುವ ಮೊದಲು ಗೋಡೆ ದಾಟಿ ಒಳಗಿನ ಮದ್ದಿನ ಮನೆಯನ್ನು ಮುಟ್ಟಬೇಕೆಂಬ ಗುರಿಯಿಟ್ಟರೆ, ಒಬ್ಬನು ಇಟ್ಟ ಹೆಜ್ಜೆ ಇನ್ನೊಬ್ಬನನ್ನು ಗುಂಡಿಗೆ ಒಡ್ಡುತ್ತದೆ, ಸುತ್ತಿಗೊಮ್ಮೆ ಮಂಜು ತೆಳುವಾಗಿ ಹೊಸ ಮೂಲೆಯೊಂದು ಕಣ್ಣಿಗೆ ಬೀಳುತ್ತದೆ, ಯಾರ ಸರದಿಯೂ ಹಿಂದಿನದರ ನಕಲಾಗಿ ಉಳಿಯುವುದಿಲ್ಲ. ಇಂಥ ಕದನಕ್ಕೆ ಒಂದು ಗಂಟೆ ಹಿಡಿದರೂ ಅದು ನಿಧಾನವಾಯಿತೆಂದು ಯಾರೂ ಗೊಣಗಲಾರರು.

ಹೀಗಿರುವಾಗ ಹಿಂದಿನ ಆವೃತ್ತಿಗಳಲ್ಲಿದ್ದ ಅತ್ಯುತ್ತಮ ಸಾಧನವೊಂದನ್ನು ಈಚಿನವು ಬದಿಗೆ ಸರಿಸಿದ್ದು ಆಶ್ಚರ್ಯದ ಸಂಗತಿ. ಟಾಮ್ ಮೋಲ್ಡ್‌ವೇ ಸಂಪಾದಿಸಿದ 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿ ಶತ್ರುವಿಗೂ ಸ್ಥೈರ್ಯದ ಅಂಕವೊಂದಿತ್ತು. ತಮ್ಮವರಲ್ಲಿ ಮೊದಲನೆಯವನು ಬಿದ್ದಾಗ ಮತ್ತು ಅರ್ಧದಷ್ಟು ಮಂದಿ ಬಿದ್ದಾಗ ಎರಡು ದಾಳ ಉರುಳಿಸಿ, ಮೊತ್ತವು ಆ ಅಂಕವನ್ನು ಮೀರಿದರೆ ಉಳಿದವರು ಓಡುತ್ತಿದ್ದರು ಇಲ್ಲವೇ ಶರಣಾಗುತ್ತಿದ್ದರು. ಕದನ ಅಲ್ಲಿಗೆ ನಿಲ್ಲುತ್ತಿತ್ತು, ಪಕ್ಷಪಾತದ ಶಂಕೆಗೂ ಎಡೆಯಿರಲಿಲ್ಲ. ಶರಣಾದವನನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದು ವಾಲಿವಧೆಯಲ್ಲಿ ಆಗುವಂತೆಯೇ ಶಸ್ತ್ರ ಕೆಳಗಿಟ್ಟ ಮೇಲಿನ ಮಾತಿಗೆ ಜಾಗ ಸಿಗುತ್ತಿತ್ತು. 2014ರ ಐದನೆಯ ಆವೃತ್ತಿಯಲ್ಲಿ ಈ ಬಗೆಯ ನಿಯಮವು ಗೇಮ್ ಮಾಸ್ಟರರ ಕೈಪಿಡಿಯ ಐಚ್ಛಿಕ ವಿಧಿಗಳ ನಡುವೆ ಸೇರಿಕೊಂಡಿದೆ; ಬೇಕೆಂದು ಹುಡುಕಿದವರಿಗೆ ಮಾತ್ರ ಅದು ಸಿಗುತ್ತದೆ.