ನುಡಿಯಿಲ್ಲದ ಸಹಯಾತ್ರೆ

ಅಪರಿಚಿತರು ಅಂತರ್ಜಾಲದ ಮೂಲಕ ಒಂದೇ ಆಟದಲ್ಲಿ ಕೂಡಿದಾಗ ಹೊಮ್ಮುವ ಬೈಗುಳ ಈಗ ಶ್ರಾವಕರ ಮನೆಗಳಲ್ಲಿಯೂ ಕೇಳಿಬರುವ ಸಂಗತಿ. ಸೋತವನು ಜೊತೆಗಾರನನ್ನು ಹಳಿಯುತ್ತಾನೆ. ಗೆದ್ದವನು ಸೋತವನನ್ನು ಹೀಯಾಳಿಸುತ್ತಾನೆ. ಎದುರಿಗಿರುವವನ ಮುಖ ಕಾಣದಿರುವುದರಿಂದ ನಾಲಗೆಗೆ ಲಗಾಮಿಲ್ಲ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಪ್ರಿಯ ವಚನವನ್ನು ಅಸತ್ಯದ ಒಂದು ಪ್ರಭೇದವಾಗಿ ಎಣಿಸಿ, ಅದನ್ನು ಹಿಂಸೆಯಲ್ಲಿಯೇ ಅಂತರ್ಗತಗೊಳಿಸಿದ್ದಾರೆ. ಆ ದೃಷ್ಟಿಗೆ ಇದು ಬರಿಯ ಶಿಷ್ಟಾಚಾರದ ಲೋಪವಾಗಿ ತೋರಲಾರದು.

ಈ ಹಿನ್ನೆಲೆಯಲ್ಲಿ 2012ರ ಮಾರ್ಚ್‌ನಲ್ಲಿ ಹೊರಬಂದ 'ಜರ್ನಿ' ಎಂಬ ಆಟ ವಿಚಾರಾರ್ಹವಾಗಿದೆ. ದಟ್‌ಗೇಮ್‌ಕಂಪನಿ ರೂಪಿಸಿದ ಈ ಕೃತಿಯ ನಿರ್ದೇಶಕ ಜೆನೋವಾ ಚೆನ್. ಮರಳುಗಾಡಿನಲ್ಲಿ ನಿಲುವಂಗಿ ತೊಟ್ಟ ಯಾತ್ರಿಕನೊಬ್ಬ ದೂರದ ಪರ್ವತದತ್ತ ನಡೆಯುತ್ತಾನೆ. ದಾರಿಯಲ್ಲಿ ಮತ್ತೊಬ್ಬ ಯಾತ್ರಿಕ ಜೊತೆಯಾಗಬಹುದು. ಅವನು ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತ ನಿಜವಾದ ಮನುಷ್ಯ. ಅವನ ಹೆಸರು ಕಾಣಿಸದು. ಬರೆದು ತಿಳಿಸುವಂತಿಲ್ಲ, ಮಾತನಾಡುವಂತಿಲ್ಲ. ಇಬ್ಬರಿಗೂ ಇರುವುದು ಒಂದು ಸ್ವರ ಮಾತ್ರ. ಸಮೀಪಿಸಿ ಸ್ಪರ್ಶಿಸಿದರೆ ಇಬ್ಬರ ಕೊರಳವಸ್ತ್ರಕ್ಕೂ ಹಾರುವ ಶಕ್ತಿ ತುಂಬುತ್ತದೆ. ಜೊತೆಗಾರನ ಹೆಸರು ತಿಳಿಯುವುದು ಯಾತ್ರೆ ಮುಗಿದ ಮೇಲೆ.

ಈ ಸೌಮ್ಯತೆ ಸಹಜವಾಗಿ ಬಂದುದಲ್ಲ. ಆರಂಭದ ರೂಪದಲ್ಲಿ ಯಾತ್ರಿಕರ ದೇಹಗಳು ಒಂದಕ್ಕೊಂದು ತಾಗುತ್ತಿದ್ದವು. ಒಬ್ಬರಿಗೊಬ್ಬರು ನೆರವಾಗಲೆಂದು ಮಾಡಿದ ಆ ವ್ಯವಸ್ಥೆಯನ್ನು ಪರೀಕ್ಷಕರು ಪರಸ್ಪರ ತಳ್ಳಿ ಬೀಳಿಸಲು ಬಳಸಿದರು. ಹೊಸ ಲೋಕವನ್ನು ಹೊಕ್ಕವರು ಶಿಶುಗಳಂತಾಗುತ್ತಾರೆ, ಯಾವ ಕ್ರಿಯೆಗೆ ಹೆಚ್ಚು ಪ್ರತಿಕ್ರಿಯೆ ದೊರೆಯುವುದೋ ಅದನ್ನೇ ಮಾಡುತ್ತಾರೆ ಎಂಬುದು ಚೆನ್ ಕಂಡುಕೊಂಡ ಕಾರಣ. ಆದುದರಿಂದ ತಳ್ಳುವ ಅವಕಾಶವನ್ನೇ ತೆಗೆದುಹಾಕಿ, ಸಾಮೀಪ್ಯಕ್ಕೆ ಫಲವನ್ನು ಇರಿಸಲಾಯಿತು.

ಇದನ್ನು ವಚನಗುಪ್ತಿಯೆಂದು ಹೊಗಳಲು ಮನಸ್ಸಾಗುವುದು ಸಹಜ. ಆದರೆ ಬಾಯಿ ಕಟ್ಟಿಸಿಕೊಂಡವನು ಮೌನವ್ರತಿಯಲ್ಲ. ನುಡಿಯಬಲ್ಲವನು ನುಡಿಯದಿದ್ದಾಗ ಮಾತ್ರ ಗುಪ್ತಿ. 'ಜರ್ನಿ' ನಿಮಿತ್ತವನ್ನು ದೂರ ಮಾಡಿದೆ. ಉಪಾದಾನ ಇದ್ದಂತೆಯೇ ಇದೆ. ಅದೇ ಆಟಗಾರ ಮರುಗಳಿಗೆ ಬೇರೊಂದು ಆಟ ಹೊಕ್ಕು ಬೈಯಬಲ್ಲ. ಹಾಗೆಂದು ನಿಮಿತ್ತವನ್ನು ತಗ್ಗಿಸುವುದು ತುಚ್ಛವೂ ಅಲ್ಲ. ದಿಗ್ವ್ರತ, ಅನರ್ಥದಂಡವ್ರತಗಳು ಗೃಹಸ್ಥನಿಗೆ ಕಲಿಸುವುದು ಪಾಪದ ಅವಕಾಶಗಳನ್ನು ಕಿರಿದುಗೊಳಿಸುವುದನ್ನೇ. (ಆಟವೇ ಅನರ್ಥದಂಡವೆನ್ನುವ ಹಿರಿಯರಿದ್ದಾರೆ, ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.)

ಶಿಕ್ಷೆಯ ಮಾರ್ಗವನ್ನು ಹಿಡಿದವರೂ ಉಂಟು. 'ಲೀಗ್ ಆಫ್ ಲೆಜೆಂಡ್ಸ್' ಆಟದಲ್ಲಿ 2011ರಲ್ಲಿ ಆರಂಭವಾದ ಟ್ರಿಬ್ಯೂನಲ್‌ನಲ್ಲಿ ಆಟಗಾರರೇ ದೂರುಗಳನ್ನು ಓದಿ, ಶಿಕ್ಷೆಯೋ ಕ್ಷಮೆಯೋ ಎಂದು ಮತ ಹಾಕುತ್ತಿದ್ದರು. 2014ರ ಹೊತ್ತಿಗೆ ಅದು ನಿಂತುಹೋಯಿತು. ಈಗ ಬೈಸಿಕೊಂಡವನ ಕೈಯಲ್ಲಿ ಸಾಮಾನ್ಯವಾಗಿ ಉಳಿದಿರುವುದು ದೂರು ಕೊಡುವ ಗುಂಡಿ ಮತ್ತು ಬೈಯುವವನ ಮಾತು ಕೇಳದಂತೆ ಮಾಡುವ ಮ್ಯೂಟ್ ಗುಂಡಿ. ತತ್ತ್ವಾರ್ಥಸೂತ್ರ ಹೇಳುವ ನಾಲ್ಕು ಭಾವನೆಗಳಲ್ಲಿ ತಿದ್ದಲಾಗದವರ ವಿಷಯದಲ್ಲಿ ಮಾಧ್ಯಸ್ಥ್ಯ ವಿಹಿತವಾಗಿದೆ. ಮ್ಯೂಟ್ ಒತ್ತಿದವನ ಎದೆಯಲ್ಲಿ ದ್ವೇಷ ಕುದಿಯುತ್ತಿದ್ದರೆ ಅದು ಮಾಧ್ಯಸ್ಥ್ಯವಾಗದು, ಕೇವಲ ಕಿವಿ ಮುಚ್ಚಿಕೊಂಡಂತಾದೀತು. ಆಟ ಮುಂದುವರಿಸುತ್ತಲೇ, ಬೈದವನಿಗೂ ಅಗತ್ಯವಾದಾಗ ನೆರವು ನೀಡಿದರೆ ಮಾತು ಬೇರೆ.

'ಜರ್ನಿ'ಯ ಕೊರತೆ ಇಲ್ಲಿಯೇ ಇದೆ. ಅಲ್ಲಿ ಯಾರೂ ನಿಂದಿಸುವಂತಿಲ್ಲವಾದುದರಿಂದ ಯಾರೂ ಕ್ಷಮಿಸಬೇಕಾಗಿಯೂ ಇಲ್ಲ. ಆದರೂ ಕೃತಿಯ ಕೊನೆಯ ಹಿಮದ ಏರಿನಲ್ಲಿ ಒಂದು ಬಾಗಿಲು ತೆರೆದೇ ಇದೆ. ಗಾಳಿ ಬಿರುಸಾಗಿ, ಕೊರಳವಸ್ತ್ರ ಹೆಪ್ಪುಗಟ್ಟಿ, ಹೆಜ್ಜೆ ಕುಸಿಯುವಾಗ ಹಿಂದೆ ಉಳಿದವನಿಗಾಗಿ ನಿಲ್ಲಬೇಕೆಂಬ ಕಟ್ಟಳೆಯನ್ನು ಆಟ ಮಾಡಿಲ್ಲ. ಒಬ್ಬನೇ ನಡೆದರೂ ಯಾತ್ರೆ ಮುಗಿಯುತ್ತದೆ. ಅಲ್ಲಿ ನಿಂತು ಕಾಯುವವನು ತನ್ನ ಇಚ್ಛೆಯಿಂದಲೇ ಕಾಯುತ್ತಾನೆ.